ಢಂ ಅಂದು ತಟ್ಟಂತ ನಿಲ್ಲೋ ಡ್ರಮ್ಮು, ದುಡ್ಡು ಕೊಟ್ಟು ತಗೊಂಡ ಫೈಲು

ಮೊನ್ನೆ ಒಬ್ಬ ಹುಡುಗ ಸ್ಟುಡಿಯೋಗೆ ಬಂದಿದ್ದ, ಮೊದಲನೇ ಸಿನಿಮಾಗೆ ಮ್ಯೂಸಿಕ್ ಮಾಡ್ತಿದಾನೆ, ಒಂದು ಹಾಡಿನ ಮಿಕ್ಸಿಂಗ್, ಅಂದ್ರೆ ಎಲ್ಲಾ ವಾದ್ಯ, ದನಿ ಹದ ಮಾಡಿ ಸೇರಿಸೋ ಕೆಲಸ, ನನ್ನ ಪಾಲಿಗೆ ಬಂದಿತ್ತು. ಬಂದವನೇ ಫೋನ್ ತೆಗೆದು "ಅಣ್ಣ, ಡ್ರಮ್ಸ್ ಹಿಂಗೇ ಬೇಕು, ದೊಡ್ಡ ಹಾಲ್‌ನಲ್ಲಿ ಹೊಡೆದ ಹಾಗೆ ಢಂ ಅನ್ಬೇಕು, ಆದ್ರೆ ಯಾರೋ ಬಾಗಿಲು ಹಾಕ್ದಂಗೆ ತಟ್ಟಂತ ನಿಂತೋಗ್ಬೇಕು" ಅಂದ. ಆಮೇಲೆ ಇನ್ನೊಂದು ಸೇರಿಸ್ದ, "ಹಿಂದ್ಗಡೆ ಸಣ್ಣಗೆ ಸುಂಯ್ ಸುಂಯ್ ಅಂತ ಒಂದು ಸಿಂಬಲ್ ಇದೆ ನೋಡಿ, ನೀರೊಳಗೆ ಇದ್ದ ಹಾಗಿದೆ, ಅದೂ ಬೇಕು." ಸಿಂಬಲ್ ಅಂದ್ರೆ ಡ್ರಮ್ ಸೆಟ್ಟಲ್ಲಿ ತಾಳದ ಹಾಗಿರೋ ಲೋಹದ ತಟ್ಟೆ.

ಎರಡು ಸೆಕೆಂಡ್ ಕೇಳಿದ್ದೇ ಗೊತ್ತಾಯ್ತು. ಇಂಗ್ಲೆಂಡಿನ ಹಾಡುಗಾರ ಪೀಟರ್ ಗೇಬ್ರಿಯಲ್, 1980ರ ಆಲ್ಬಂ, ಮೊದಲನೇ ಹಾಡು 'ಇಂಟ್ರೂಡರ್'. ಹುಡುಗ ಹುಟ್ಟೋಕ್ಕೆ ಇಪ್ಪತ್ತು ವರ್ಷ ಮುಂಚಿನ ಹಾಡು, ಹಾಡಿದವರ ಹೆಸರೂ ಅವನಿಗೆ ಗೊತ್ತಿಲ್ಲ, ಯಾರೋ ಫ್ರೆಂಡು ಯೂಟ್ಯೂಬಿಂದ ಎಂಪಿ3 ಮಾಡಿ ವಾಟ್ಸಾಪಲ್ಲಿ ಕಳಿಸಿದ್ದು ಅಷ್ಟೇ. ಆ ಫೈಲನ್ನೇ ರೆಫರೆನ್ಸ್ ಅಂತ ಇಟ್ಕೊಂಡು ನಾನೂ ಎರಡು ಗಂಟೆ ಒದ್ದಾಡಿದೆ. ಢಂ ಬರತ್ತೆ, ತಟ್ಟಂತ ನಿಲ್ಲಲ್ಲ. ನಿಂತ್ರೆ ಢಂ ಇರಲ್ಲ. ಅವನು ಪ್ರತಿ ಸಲ "ಹತ್ರ ಬಂದಿದೆ ಅಣ್ಣ, ಆದ್ರೆ..." ಅಂತಾನೆ. ಆ 'ಆದ್ರೆ' ಮಿಕ್ಸಿಂಗ್ ಮಾಡೋರ ಆಯುಷ್ಯದಲ್ಲಿ ಎಷ್ಟು ತಿಂದಿದೆಯೋ ದೇವರಿಗೇ ಗೊತ್ತು.

ಆ ಸದ್ದಿನ ಕಥೆ ಹೇಳ್ಬೇಕು, ಯಾಕಂದ್ರೆ ಅದು ಯಾರೂ ಪ್ಲಾನ್ ಮಾಡಿ ಹುಟ್ಟಿಸಿದ್ದಲ್ಲ. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೋ, ಅಲ್ಲಿ ಗೋಡೆಯೆಲ್ಲಾ ಕಲ್ಲಿನ ಒಂದು ರೂಮು. ಡ್ರಮ್ಸ್‌ಗೆ ಕೂತವರು ಫಿಲ್ ಕಾಲಿನ್ಸ್, ಗೇಬ್ರಿಯಲ್ 1975ರಲ್ಲಿ ಬಿಟ್ಟು ಬಂದ ಜೆನೆಸಿಸ್ ಬ್ಯಾಂಡಿನ ಹಳೇ ಜೊತೆಗಾರ. ಎಂಜಿನಿಯರ್ ಹ್ಯೂ ಪ್ಯಾಡ್‌ಗಮ್, ಪ್ರೊಡ್ಯೂಸರ್ ಸ್ಟೀವ್ ಲಿಲ್ಲಿವೈಟ್. ಅಲ್ಲಿದ್ದ ಎಸ್‌ಎಸ್‌ಎಲ್ ಕಂಪನಿಯ ಕನ್ಸೋಲ್‌ನಲ್ಲಿ, ಅಂದ್ರೆ ಸದ್ದು ಬೆರೆಸೋ ದೊಡ್ಡ ಮೇಜಲ್ಲಿ, ಒಂದು ಮೈಕ್ ಲೈನ್ ಇತ್ತು, ಒಳಗೆ ಕೂತ ಕಲಾವಿದರು ಏನಾದ್ರೂ ಮಾತಾಡಿದ್ರೆ ಕಂಟ್ರೋಲ್ ರೂಮಲ್ಲಿ ಕೇಳ್ಲಿ ಅಂತ ಮೇಲ್ಗಡೆ ನೇತು ಹಾಕಿರೋದು, ಬರೀ ಮಾತಿಗೆ. ರೂಮಿನ ಮೂಲೆಯಲ್ಲಿ ಪಿಸುಗುಟ್ಟಿದ್ರೂ ಕೇಳ್ಬೇಕು, ಪಕ್ಕದಲ್ಲೇ ನಿಂತು ಕಿರುಚಿದ್ರೂ ಕಿವಿ ಹೋಗ್ಬಾರ್ದು, ಹಾಗಾಗಿ ಅದರ ಮೇಲೆ ಭಯಂಕರ ಕಂಪ್ರೆಸರ್, ಅಂದ್ರೆ ಸಣ್ಣ ಸದ್ದನ್ನ ಏರಿಸಿ ದೊಡ್ಡದನ್ನ ಒತ್ತಿ ಹಿಡಿಯೋದು, ಕೂರಿಸಿದ್ರು. ಆ ಲೈನ್ ಆನ್ ಇದ್ದಾಗ ಕಾಲಿನ್ಸ್ ಡ್ರಮ್ ಹೊಡೆದುಬಿಟ್ರು. ಸ್ಪೀಕರಲ್ಲಿ ಬಂದ ಸದ್ದು ಕೇಳಿ ಎಲ್ರೂ ಬೆಚ್ಚಿಬಿದ್ರು. ಆದ್ರೆ ಅದು ಮಾತಿನ ಲೈನು, ಟೇಪಿಗೆ ಹೋಗೋ ದಾರಿನೇ ಇಲ್ಲ. ಹಾಗಾಗಿ ಕನ್ಸೋಲಿನ ವೈರಿಂಗ್ ಬದಲಾಯಿಸಿ ಆ ಲೈನನ್ನ ರೆಕಾರ್ಡ್ ಮಾಡೋ ಹಾಗೆ ಮಾಡ್ಕೊಂಡ್ರು, ಅದರ ಮೇಲೊಂದು ನಾಯ್ಸ್ ಗೇಟ್ ಹಾಕಿದ್ರು. ಗೇಟು ಅಂದ್ರೆ ಗೇಟೇ, ಸದ್ದು ಒಂದು ಮಟ್ಟಕ್ಕಿಂತ ಇಳಿದ ತಕ್ಷಣ ಬಾಗಿಲು ಹಾಕಿಬಿಡತ್ತೆ. ಕಲ್ಲಿನ ರೂಮಿನ ಗುಂಯ್ ಅನ್ನೋ ಪ್ರತಿಧ್ವನಿ ತುಂಬ್ಕೊಳ್ಳತ್ತೆ, ಆರೋಕ್ಕೆ ಮುಂಚೆನೇ ಕಟ್. ಇದೇ ಗೇಟೆಡ್ ರಿವರ್ಬ್.

ಮುಂದಿನ ವರ್ಷ ಕಾಲಿನ್ಸ್ ತಮ್ಮ ಸ್ವಂತ ಹಾಡಲ್ಲಿ ಇದನ್ನೇ ಬಳಸಿ ಲೋಕಕ್ಕೆಲ್ಲಾ ಮುಟ್ಟಿಸಿದ್ರು, ಆಮೇಲೆ ಎಂಬತ್ತರ ದಶಕ ಪೂರ್ತಿ ಡ್ರಮ್ ಅಂದ್ರೆ ಇದೇ ಅನ್ನೋ ಹಾಗಾಯ್ತು. ಕಲ್ಲಿನ ರೂಮ್ ಇಲ್ದೋರಿಗೆ ಡಬ್ಬಿಯೊಳಗೆ ತುಂಬಿ ಕೊಟ್ರು. ನಾನು ಅಸಿಸ್ಟೆಂಟ್ ಆಗಿ ಸೇರಿದ ಸ್ಟುಡಿಯೋದಲ್ಲಿ ಒಂದು ಯಮಹಾ ಎಸ್‌ಪಿಎಕ್ಸ್ 90 ಇತ್ತು, ಅದರಲ್ಲಿ ಗೇಟ್ ರಿವರ್ಬ್ ಅಂತ ರೆಡಿ ಪ್ರೋಗ್ರಾಮೇ ಇತ್ತು, ನಮ್ಮ ಸೀನಿಯರ್ ಸ್ನೇರ್, ಅಂದ್ರೆ ಚಟ್ ಅನ್ನೋ ಡ್ರಮ್ಮು, ಸಪ್ಪೆ ಅನ್ಸಿದ್ರೆ ಕಣ್ಣು ಮುಚ್ಕೊಂಡು ಅದನ್ನ ಒತ್ತೋರು. ಗೇಬ್ರಿಯಲ್ ಹೆಸರು ಅವರಿಗೂ ಗೊತ್ತಿರ್ಲಿಲ್ಲ. ಎಸ್‌ಎಸ್‌ಎಲ್‌ನೋರು ಆ ಮಾತಿನ ಮೈಕ್ ಕಂಪ್ರೆಸರನ್ನ ಪ್ಲಗಿನ್, ಅಂದ್ರೆ ರೆಕಾರ್ಡಿಂಗ್ ಸಾಫ್ಟ್‌ವೇರಿಗೆ ಸೇರಿಸೋ ಪುಟ್ಟ ಪ್ರೋಗ್ರಾಮು ಮಾಡಿ ಬಿಟ್ಟಿಯಾಗೇ ಹಂಚಿದಾರೆ, ನನ್ನ ಕಂಪ್ಯೂಟರಲ್ಲೂ ಇದೆ. ಪಾಪ್ ಕಲಾವಿದರ ಪ್ರಭಾವ ಅಂದ್ರೆ ಜನ ಹೇರ್‌ಸ್ಟೈಲು, ಟೀಶರ್ಟು, ಸತ್ತಾಗ ಹಾಕೋ ಸ್ಟೇಟಸ್ಸು ಅಂದ್ಕೋತಾರೆ, ನಂಗೆ ಮಾತ್ರ ಅದು ದಿನಾ ಪ್ಲಗಿನ್ ಮೆನುವಲ್ಲಿ ಕಾಣ್ಸತ್ತೆ.

ಸರಿ, ಎರಡು ಗಂಟೆ ಯಾಕೆ ಹಾಳಾಯ್ತು ಅಂತ ಈಗ ಹೇಳ್ತೀನಿ. ತಪ್ಪು ನಂದೇ, ಮೊದಲೇ ಆ ಫೈಲನ್ನ ಸ್ಪೆಕ್‌ನಲ್ಲಿ ತೆಗೆದು ನೋಡ್ಬೇಕಿತ್ತು. ಸ್ಪೆಕ್ ಅಂದ್ರೆ ಒಂದು ಪುಕ್ಕಟೆ ಸಾಫ್ಟ್‌ವೇರು, ಹಾಡಿನ ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸದ್ದಿದೆ ಅಂತ ಬಣ್ಣದಲ್ಲಿ ತೋರ್ಸತ್ತೆ. ತೆಗೆದ್ರೆ 16 ಕಿಲೋಹರ್ಟ್ಜ್ ಹತ್ರ ಕತ್ತರೀಲಿ ಕತ್ತರಿಸಿದ ಹಾಗೆ, ಮೇಲೆಲ್ಲಾ ಕಪ್ಪು. ಆದ್ರೆ ಕಟ್ ಆಗಿದ್ದು ಅಷ್ಟು ದೊಡ್ಡ ವಿಷ್ಯ ಅಲ್ಲ, ವಯಸ್ಸಾದ ನನ್ನ ಕಿವಿಗೆ ಅಲ್ಲೇನೂ ಕೇಳಲ್ಲ ಬಿಡಿ. ಅಸಲಿ ತೊಂದ್ರೆ ಬೇರೆ. ಎಂಪಿ3 ಹಾಡನ್ನ ಸಣ್ಣ ಸಣ್ಣ ತುಂಡು ಮಾಡ್ಕೊಳತ್ತೆ, ಒಂದು ಫ್ರೇಮಿಗೆ 1152 ಸ್ಯಾಂಪಲ್, ಅಂದ್ರೆ ಸುಮಾರು 26 ಮಿಲಿಸೆಕೆಂಡ್. ಒಂದು ತುಂಡಿನೊಳಗೆ ಮೊದಲರ್ಧ ನಿಶ್ಶಬ್ದ, ಉಳಿದರ್ಧ ಜೋರು ಪೆಟ್ಟು ಅಂದ್ಕೊಳ್ಳಿ, ಜಾಗ ಉಳಿಸೋಕೆ ಅದು ಮಾಡಿದ ಕಲಬೆರಕೆಯ ಗಲೀಜು ತುಂಡಿನ ತುಂಬಾ ಹರಡ್ಕೊಳತ್ತೆ, ಪೆಟ್ಟಿಗೆ ಮುಂಚೆನೂ. ಪೆಟ್ಟಿನ ಮೊನೆ ಮೊಂಡಾಗತ್ತೆ. ಗೇಟೆಡ್ ಡ್ರಮ್ಮಲ್ಲಿ ಇರೋದೇ ಎರಡು ಚೂಪು, ಶುರುವಾಗೋದು ಮತ್ತೆ ನಿಲ್ಲೋದು, ಎರಡೂ ಮೊಂಡು. ಮಧ್ಯದ ಗುಂಯ್ ಅನ್ನೋದು ಹೆಚ್ಚುಕಮ್ಮಿ ನಾಯ್ಸು, ಕಮ್ಮಿ ಬಿಟ್‌ರೇಟಲ್ಲಿ, ಅಂದ್ರೆ ಸೆಕೆಂಡಿಗೆ ಕಮ್ಮಿ ಡೇಟಾ ಇಟ್ಕೊಂಡ್ರೆ, ಅದನ್ನ ಹಿಡಿಯೋದು ಇನ್ನೂ ಕಷ್ಟ. ಸಾಲದ್ದಕ್ಕೆ ಯೂಟ್ಯೂಬ್ ಒಂದ್ಸಲ ಹಿಂಡಿದೆ, ಆ ಫ್ರೆಂಡು ಎಂಪಿ3 ಮಾಡುವಾಗ ಇನ್ನೊಂದ್ಸಲ. ಹಿಂಡಿದ ನಿಂಬೆಹಣ್ಣನ್ನೇ ಮತ್ತೆ ಹಿಂಡಿದ ಹಾಗೆ.

"ಗುರು, ಈ ಆಲ್ಬಂ ದುಡ್ಡು ಕೊಟ್ಟು ತಗೋ" ಅಂದೆ. ಅವನು ನನ್ನ ಮುಖ ನೋಡ್ದ. "ದುಡ್ಡು ಕೊಟ್ಟಾ? ಹಾಡಿಗಾ? ಅಣ್ಣ ನನ್ ಹತ್ರ ಸ್ಟ್ರೀಮಿಂಗ್ ಪ್ರೀಮಿಯಂ ಇದೆಯಲ್ಲ."

ಪ್ರೀಮಿಯಂ ಇರ್ಲಿ, ಕೇಳೋಕೆ ಸಾಕು. ಕೆಲಸಕ್ಕೆ ಸಾಲಲ್ಲ. ಆ್ಯಪು ಒಂದೊಂದು ಹಾಡಿನ ವಾಲ್ಯೂಮನ್ನ ತಾನೇ ಏರಿಳಿಸತ್ತೆ, ಸ್ಪಾಟಿಫೈ ಸಾಮಾನ್ಯವಾಗಿ ಮೈನಸ್ 14 ಲಫ್ಸ್‌ಗೆ (ಸದ್ದು ಕಿವಿಗೆ ಎಷ್ಟು ಜೋರು ಅಂತ ಅಳೆಯೋ ಲೆಕ್ಕ) ತಂದು ನಿಲ್ಸತ್ತೆ, ನೀನು ಆ ಸದ್ದನ್ನ ನಿನ್ನ ಪ್ರಾಜೆಕ್ಟ್‌ಗೆ ಎಳ್ಕೊಳಕ್ಕೂ ಆಗಲ್ಲ, ಇವತ್ತಿರೋ ವರ್ಷನ್ನು ನಾಳೆ ರಿಮಾಸ್ಟರ್ ಆಗಿ ಬದಲಾದ್ರೆ ನಿಂಗೆ ಯಾರೂ ಹೇಳಲ್ಲ. ಫೈಲು ಕೈಯಲ್ಲಿದ್ರೆ ನಿನ್ನ ಹಾಡಿನ ಕೆಳಗಿನ ಟ್ರ್ಯಾಕಲ್ಲಿಟ್ಟು, ಲೆವೆಲ್ ಸಮ ಮಾಡಿ, ಎರಡು ಸೆಕೆಂಡಿನ ಜಾಗ ನೂರು ಸಲ ಲೂಪ್ ಹಾಕಿ ಕೇಳ್ಬೋದು. ನಾವು ಕಲಿತಿದ್ದೇ ಹಂಗೆ.

ಮಜಾ ಏನಂದ್ರೆ ಇಂಟರ್ನೆಟ್ಟಲ್ಲಿ ಹಾಡು ಮಾರೋ ವಿಷ್ಯದಲ್ಲೂ ಇದೇ ಗೇಬ್ರಿಯಲ್ ಮುಂಚೂಣಿ. ಓಡಿ2 ಅನ್ನೋ ಡೌನ್‌ಲೋಡ್ ಕಂಪನಿ ಕಟ್ಟಿದವರಲ್ಲಿ ಇವರೂ ಒಬ್ರು, ಐಟ್ಯೂನ್ಸ್ ಸ್ಟೋರ್ 2003ರ ಏಪ್ರಿಲಲ್ಲಿ ಒಂದು ಹಾಡಿಗೆ 99 ಸೆಂಟು ಅಂತ ಬಾಗಿಲು ತೆಗೆಯೋಕೆ ಮುಂಚೆನೇ ಯುರೋಪಲ್ಲಿ ಅದರ ವ್ಯವಹಾರ ನಡೀತಿತ್ತು. 2004ರಲ್ಲಿ ಅದನ್ನ ಲೌಡ್‌ಐ ಅನ್ನೋ ಅಮೆರಿಕದ ಕಂಪನಿ ಕೊಂಡ್ಕೊಳ್ತು, 2006ರಲ್ಲಿ ಲೌಡ್‌ಐನ ನೋಕಿಯಾ ಕೊಂಡ್ಕೊಳ್ತು. ಅದೇ 2004ರಲ್ಲಿ ಗೇಬ್ರಿಯಲ್ ಇನ್ನೊಬ್ಬ ಸಂಗೀತಗಾರ ಬ್ರಯನ್ ಈನೋ ಜೊತೆ ಸೇರಿ, ಕಲಾವಿದರೇ ಆನ್‌ಲೈನಲ್ಲಿ ನೇರ ಮಾರೋ ಒಂದು ಕೂಟ ಮಾಡೋಣ ಅಂತ ಓಡಾಡಿದ್ರು. ಈಗಿನ ಬ್ಯಾಂಡ್‌ಕ್ಯಾಂಪ್ ವೆಬ್‌ಸೈಟು ಹೆಚ್ಚುಕಮ್ಮಿ ಆ ಥರದ್ದೇ, ಡಿಜಿಟಲ್ ಮಾರಾಟದಲ್ಲಿ ನೂರಕ್ಕೆ 15 ಅವರು ಇಟ್ಕೋತಾರೆ, ಪೇಮೆಂಟ್ ಖರ್ಚು ಕಳೆದು ಉಳಿದದ್ದು ಕಲಾವಿದರಿಗೋ ಅವರ ಲೇಬಲ್‌ಗೋ ಹೋಗತ್ತೆ.

2023ರಲ್ಲಿ ಗೇಬ್ರಿಯಲ್ ಮಾಡಿದ ಕೆಲಸ ನಮ್ಮ ಕಸುಬಿನೋರಿಗೆ ಹಬ್ಬ. 'ಐ/ಓ' ಅನ್ನೋ ಆಲ್ಬಂನ ಹಾಡುಗಳನ್ನ ತಿಂಗಳಿಗೊಂದರಂತೆ ಹುಣ್ಣಿಮೆ ಹುಣ್ಣಿಮೆಗೆ ಬಿಟ್ರು, ಪಂಚಾಂಗ ನೋಡ್ಕೊಂಡು ಪಾಪ್ ಹಾಡು ಕಾಯೋ ಹಾಗಾಯ್ತು. ಹನ್ನೆರಡು ಹಾಡು, ಒಂದೊಂದಕ್ಕೂ ಎರಡು ಸ್ಟೀರಿಯೋ ಮಿಕ್ಸು, ಬ್ರೈಟ್ ಸೈಡ್ ಮಾಡಿದ್ದು ಸ್ಪೈಕ್ ಸ್ಟೆಂಟ್, ಡಾರ್ಕ್ ಸೈಡ್ ಮಾಡಿದ್ದು ಚಾಡ್ ಬ್ಲೇಕ್. ಒಬ್ರು ಚಿತ್ರ ಬರೆಯೋರ ಥರ, ಇನ್ನೊಬ್ರು ಶಿಲ್ಪಿ ಥರ ಅಂತ ಗೇಬ್ರಿಯಲ್ಲೇ ಹೇಳಿದಾರೆ. ನನ್ನ ಹತ್ರ ಕಲಿಯೋಕ್ ಬರೋ ಹುಡುಗರಿಗೆ ಮೊದಲನೇ ವಾರ ಇದೇ ಕೆಲಸ, ಒಂದೇ ಹಾಡಿನ ಎರಡೂ ಫೈಲು ಇಟ್ಕೊಂಡು ಲೆವೆಲ್ ಸಮ ಮಾಡಿ, ಬರೀ ಬೇಸ್ ಎಲ್ಲಿ ಕೂತಿದೆ ಹೇಳು, ನಾಳೆ ಬರೀ ವೋಕಲ್ ಹೇಳು. ಸ್ಟ್ರೀಮಲ್ಲಿ ಇದನ್ನ ಮಾಡಕ್ಕೆ ಹೋದ್ರೆ ಯಾವ ವ್ಯತ್ಯಾಸ ಮಿಕ್ಸಿಂದು, ಯಾವುದು ಆ್ಯಪಿನ ವಾಲ್ಯೂಮಿಂದು ಅಂತ ಗೊತ್ತಾಗಲ್ಲ.

ತಗೊಳ್ಳೋರಿಗೆ ಒಂದೆರಡು ಮಾತು. ಆಯ್ಕೆ ಕೊಟ್ರೆ ಫ್ಲ್ಯಾಕ್ ಅನ್ನೋ ಥರದ ಫೈಲು ತಗೊಳ್ಳಿ, ಜಾಗ ಅರ್ಧದಷ್ಟು ಉಳಿಯತ್ತೆ, ಒಳಗಿನ ಸದ್ದು ವೇವ್ ಫೈಲಿಗೂ ಅದಕ್ಕೂ ಒಂದು ಕೂದಲೂ ವ್ಯತ್ಯಾಸ ಇಲ್ಲ. 24 ಬಿಟ್ 96 ಕಿಲೋಹರ್ಟ್ಜ್, ಇನ್ನೂ ಸೂಕ್ಷ್ಮದ ಫೈಲು ಅಂತ ಜಾಸ್ತಿ ದುಡ್ಡು ಕೇಳಿದ್ರೆ ಬೇಡ ಅಂತೀನಿ ನಾನು, ಮಾಸ್ಟರಿಂಗೇ, ಅಂದ್ರೆ ಬಿಡುಗಡೆಗೆ ಮುಂಚಿನ ಕೊನೇ ಹದವೇ, ಬೇರೆ ಆಗಿದ್ರೆ ಮಾತ್ರ ಯೋಚ್ನೆ ಮಾಡಿ. ಬರೀ ಹೆಸರು ನೋಡಿ ಕೊಳ್ಳಬೇಡಿ, ಈ ಮಹಾನುಭಾವರ ಮೊದಲ ನಾಲ್ಕೂ ಆಲ್ಬಂ ಹೆಸರು 'ಪೀಟರ್ ಗೇಬ್ರಿಯಲ್' ಅಂತಲೇ, ನಮಗೆ ಬೇಕಾಗಿದ್ದು ಮುಖ ಕರಗಿದ ಹಾಗಿರೋ ಕವರಿನ ಮೂರನೇದು.

ಇಳಿಸ್ಕೊಂಡ ದಿನವೇ ಎರಡು ಕಡೆ ಕಾಪಿ ಮಾಡಿ, ಇದನ್ನ ಒತ್ತಿ ಹೇಳ್ತೀನಿ. ಮೈಕ್ರೋಸಾಫ್ಟಿನ ಹಾಡಿನ ಅಂಗಡಿ ಎಂಎಸ್‌ಎನ್ ಮ್ಯೂಸಿಕ್ 2008ರಲ್ಲಿ ತನ್ನ ಲೈಸೆನ್ಸ್ ಸರ್ವರ್ ನಿಲ್ಲಿಸ್ತೀನಿ ಅಂದಾಗ ದುಡ್ಡು ಕೊಟ್ಟು ತಗೊಂಡವರೆಲ್ಲಾ ಗಾಬರಿಯಾದ್ರು, ಯಾಕಂದ್ರೆ ಆ ಹಾಡುಗಳಿಗೆ ಬೀಗ ಇತ್ತು, ಬೀಗದ ಕೈ ಅಂಗಡಿಯವನ ಹತ್ರ ಇತ್ತು. ನಮ್ಮ ಬೆಂಗಳೂರಿನ ಫ್ಲಿಪ್‌ಕಾರ್ಟ್ 2012ರಲ್ಲಿ ಫ್ಲೈಟ್ ಅಂತ ಹಾಡಿನ ಅಂಗಡಿ ಇಟ್ಟಿತ್ತು ನೆನಪಿದೆಯಾ, ಮರುವರ್ಷ ಜೂನಲ್ಲಿ ಮುಚ್ತು. ಆದ್ರೆ ಅವರು ಕೊಟ್ಟಿದ್ದು ಬೀಗ ಇಲ್ಲದ ಎಂಪಿ3, ನಾನು ಅವತ್ತು ತಗೊಂಡಿದ್ದೆಲ್ಲಾ ಹಳೇ ಹಾರ್ಡ್ ಡಿಸ್ಕಲ್ಲಿ ಇವತ್ತಿಗೂ ಹಾಡ್ತಿದೆ. ಅಂಗಡಿ ಹೋದ್ರೂ ಸಾಮಾನು ಉಳೀತು. ಹಾಗಂತ ಅದನ್ನ ಸೆಕೆಂಡ್ ಹ್ಯಾಂಡ್ ಮಾರೋಕೆ ಹೋಗ್ಬೇಡಿ, ಅಮೆರಿಕದಲ್ಲಿ ರೀಡಿಜಿ ಅನ್ನೋ ಕಂಪನಿ ಹಳೇ ಕ್ಯಾಸೆಟ್ ಮಾರೋ ಥರ ಫೈಲ್ ಮಾರಿಸೋಕೆ ಹೋಗಿ 2018ರಲ್ಲಿ ಅಪೀಲಲ್ಲೂ ಸೋತಿದೆ.

ಹುಡುಗ ಕೊನೆಗೆ ಕಾರ್ಡ್ ನಂಬರ್ ಹಾಕಿ ಆಲ್ಬಂ ತಗೊಂಡ. ದೊಡ್ಡ ಸ್ಪೀಕರಲ್ಲಿ ಹಾಕಿದೆ. ಮೊದಲನೇ ಪೆಟ್ಟಿಗೇ ಕುರ್ಚಿಯಿಂದ ಮುಂದೆ ಬಂದ, ನಂಗೂ ಗೇಟು ಎಲ್ಲಿ ಮುಚ್ತಿದೆ ಅಂತ ಸ್ಪಷ್ಟ ಕೇಳಿಸ್ತು, ಹತ್ತು ನಿಮಿಷದಲ್ಲಿ ಅವನ ಸ್ನೇರು ಸರಿಹೋಯ್ತು. ಹಾಡು ಮುಗಿಯೋವರೆಗೂ ಕೇಳಿ, ಮತ್ತೆ ಶುರುವಿಂದ ಹಾಕಿಸಿ, ಕಿವಿ ಸ್ಪೀಕರ್ ಹತ್ರ ತಂದು ಕೇಳ್ದ.

"ಅಣ್ಣ, ಆ ಸಿಂಬಲ್ ಎಲ್ಲಿ ಹೋಯ್ತು?"

"ಈ ಆಲ್ಬಮ್ಮಲ್ಲಿ ಸಿಂಬಲ್ಲೇ ಇಲ್ಲ ಕಣೋ. ಡ್ರಮ್ಮರ್‌ಗಳಿಗೆ ಗೇಬ್ರಿಯಲ್ ಮುಟ್ಟೋಕೇ ಬಿಟ್ಟಿರ್ಲಿಲ್ಲ. ನೀನು ಕೇಳಿಸ್ಕೊಂಡಿದ್ದು ಎಂಪಿ3 ಹಿಂಡಿದ ಸದ್ದು."

ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದ. ಆಮೇಲೆ ತಾನೇ ಮೌಸ್ ಎಳ್ಕೊಂಡು, ಅವನ ಹಾಡಿನ ಹೈಹ್ಯಾಟು, ಕ್ರ್ಯಾಶು, ರೈಡು, ಮೂರೂ ಸಿಂಬಲ್ ಟ್ರ್ಯಾಕ್ ಮ್ಯೂಟ್ ಮಾಡಿ, "ಇನ್ನೊಂದ್ಸಲ ಹಾಕಿ ಅಣ್ಣ" ಅಂದ.