ಲಾರೆಯೋ, ಕೂಡದೋ?

ಅನುವಾದದ ತರಗತಿಯಲ್ಲಿ ನಾನು ಪ್ರತಿ ವರ್ಷ ಹಲಗೆಯ ಮೇಲೆ ಬರೆಯುವ ಸಾಲೊಂದಿದೆ: ‘ಯು ಶಲ್ ನಾಟ್ ಪಾಸ್.’ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಥೆಯ ಸಿನಿಮಾದಲ್ಲಿ, ಕಲ್ಲಿನ ಕಿರುಸೇತುವೆಯ ಮೇಲೆ ನಿಂತ ಮಾಂತ್ರಿಕ ಗ್ಯಾಂಡಾಲ್ಫ್ ಬೆಂಕಿಯ ಭೂತಕ್ಕೆ ಹೇಳುವ ಮಾತು. ಈ ಸಲ ಒಬ್ಬ ‘ನೀನು ಪಾಸಾಗುವುದಿಲ್ಲ’ ಎಂದು ಬರೆದುಕೊಟ್ಟ. ಪರೀಕ್ಷೆ ಹತ್ತಿರವಿತ್ತು, ಎಲ್ಲರೂ ನಕ್ಕರು.

ಹೆಚ್ಚಿನವರು ‘ದಾಟಕೂಡದು’ ಎಂದಿದ್ದರು. ಸಿನಿಮಾಕ್ಕೆ ಅದು ಸರಿ. ಆದರೆ 1954ರಲ್ಲಿ ಬಂದ ಟೋಲ್ಕಿನ್ ಅವರ ಕಾದಂಬರಿಯಲ್ಲಿ ಇರುವುದು ‘ಯು ಕೆನಾಟ್ ಪಾಸ್’, ಅಂದರೆ ‘ನೀನು ದಾಟಲಾರೆ’. ಕೂಡದು ಎಂಬುದು ಅಪ್ಪಣೆ, ಅದನ್ನು ಮೀರಬಹುದು. ಲಾರೆ ಎನ್ನುವವನು ಅಪ್ಪಣೆ ಕೊಡುವ ಗೋಜಿಗೇ ಹೋಗುವುದಿಲ್ಲ. ನನಗೆ ಪುಸ್ತಕದ ಮಾತೇ ಹೆಚ್ಚು ಗಟ್ಟಿ. 2001ರ ಸಿನಿಮಾ ಮೊದಲು ‘ಕೆನಾಟ್’ ಎಂದು, ಕೊನೆಯ ಕೂಗಿಗೆ ‘ಶಲ್ ನಾಟ್’ ಇಟ್ಟುಕೊಂಡಿತು.

ಹಾಗೆ ಇಟ್ಟುಕೊಂಡಾಗ ಆ ಕೂಗು ಹಳೆಯದೊಂದು ಯುದ್ಧಘೋಷದ ಮಗ್ಗುಲಿಗೆ ಬಂದು ನಿಂತಿತು. ಮೊದಲ ಮಹಾಯುದ್ಧದಲ್ಲಿ, 1916ರ ಫೆಬ್ರವರಿಯಲ್ಲಿ, ಜರ್ಮನ್ ಸೇನೆ ಫ್ರಾನ್ಸಿನ ವರ್ಡನ್ ಮೇಲೆ ಬಿತ್ತು. ಜೂನ್ 23ರಂದು ಫ್ರೆಂಚ್ ಜನರಲ್ ನಿವೆಲ್ ತನ್ನ ಸೈನಿಕರಿಗೆ ಹೊರಡಿಸಿದ ಆದೇಶದಲ್ಲಿ ‘ಗೆಳೆಯರೇ, ನೀವು ಅವರನ್ನು ದಾಟಗೊಡುವುದಿಲ್ಲ’ ಎಂಬ ಸಾಲಿತ್ತು. ಬಾಯಿಂದ ಬಾಯಿಗೆ ಸವೆದು ಅದು ‘ಅವರು ದಾಟರು’ ಎಂದಾಯಿತು. ಇಂಗ್ಲಿಷಿನಲ್ಲಿ ‘ದೇ ಶಲ್ ನಾಟ್ ಪಾಸ್’. 1936ರಲ್ಲಿ, ಸ್ಪೇನಿನ ಅಂತರ್ಯುದ್ಧದಲ್ಲಿ, ಕಮ್ಯುನಿಸ್ಟ್ ನಾಯಕಿ ಡೊಲೊರೆಸ್ ಇಬಾರುರಿ ಮ್ಯಾಡ್ರಿಡ್‌ನಲ್ಲಿ ಅದನ್ನೇ ಸ್ಪ್ಯಾನಿಷಿನಲ್ಲಿ ‘ನೋ ಪಾಸರಾನ್’ ಎಂದರು. ಅದೇ ವರ್ಷದ ಅಕ್ಟೋಬರಿನಲ್ಲಿ ಲಂಡನ್ನಿನ ಕೇಬಲ್ ಸ್ಟ್ರೀಟಿನಲ್ಲಿ ಫ್ಯಾಸಿಸ್ಟರ ಮೆರವಣಿಗೆಯನ್ನು ತಡೆದವರೂ ಅದನ್ನೇ ಕೂಗಿದರು.

ನಿವೆಲ್ ಆದೇಶ ಹೊರಟಾಗ ಟೋಲ್ಕಿನ್ ಫ್ರಾನ್ಸಿನಲ್ಲೇ ಇದ್ದರು. ವಯಸ್ಸು 24, ಬ್ರಿಟಿಷ್ ಸೇನೆಯ ಲ್ಯಾಂಕಶೈರ್ ಫ್ಯೂಸಿಲಿಯರ್ಸ್ ಪಡೆಯಲ್ಲಿ ಸಂದೇಶ ವ್ಯವಸ್ಥೆಯ ಅಧಿಕಾರಿ. ಅವರಿದ್ದದ್ದು ಸೊಮ್ ನದಿಯ ಕಡೆ, ವರ್ಡನ್ನಿನಲ್ಲಲ್ಲ. ಆದರೆ ಬ್ರಿಟಿಷರು ಮತ್ತು ಫ್ರೆಂಚರು ಜರ್ಮನರ ಮೇಲೆ ನಡೆಸಿದ ಸೊಮ್ ದಾಳಿಯ ಒಂದು ಉದ್ದೇಶವೇ ವರ್ಡನ್ ಮೇಲಿನ ಒತ್ತಡ ಇಳಿಸುವುದು. ಆ ದಾಳಿಯ ಮೊದಲ ದಿನವೇ ಅವರ ಗೆಳೆಯ ಗಿಲ್ಸನ್ ಸತ್ತರು. ಹೇನಿನಿಂದ ಹರಡುವ ಕಂದಕ ಜ್ವರ ಹಿಡಿದು ಟೋಲ್ಕಿನ್ ನವೆಂಬರಿನಲ್ಲಿ ಊರಿಗೆ ಮರಳಿದರು. ತಮ್ಮ ಕಥೆಯ ಹೆಣಗಳ ಜೌಗುನೆಲಕ್ಕೆ ಸೊಮ್‌ನ ಋಣ ಸ್ವಲ್ಪ ಇದೆಯೆಂದು ಮುಂದೆ ಪತ್ರವೊಂದರಲ್ಲಿ ಒಪ್ಪಿದರು. ಸೇತುವೆಯ ಮಾತನ್ನು ಅಷ್ಟು ನೇರವಾಗಿ ವರ್ಡನ್ನಿಗೆ ಗಂಟುಹಾಕಲು ನಾನು ಒಪ್ಪುವುದಿಲ್ಲ. ಘೋಷಣೆಯನ್ನು ಕೂಗುವುದು ನಮ್ಮವರ ಕಡೆ ತಿರುಗಿ, ‘ಅವರು’ ಎಂದು. ಗ್ಯಾಂಡಾಲ್ಫ್ ನಮ್ಮವರಿಗೆ ಬೆನ್ನು ಹಾಕಿ ‘ನೀನು’ ಎನ್ನುತ್ತಾನೆ.

ಒಬ್ಬಳು ಮಾತ್ರ ‘ನಿನ್ನನ್ನು ದಾಟಗೊಡೆ’ ಎಂದು ಬರೆದಿದ್ದಳು. ಮೂಲದ ಆ ಸಾಲಿನಲ್ಲಿ ‘ನಾನು’ ಇಲ್ಲ. ಆದರೂ ಪೂರ್ತಿ ಅಂಕ ಕೊಟ್ಟೆ. ಸೇತುವೆ ಮುರಿದಾಗ ಅಡ್ಡ ನಿಂತವನೂ ಕೆಳಗೆ ಬೀಳುತ್ತಾನಲ್ಲ.