ಲೆಕ್ಕದಲ್ಲಿ ಲಾಭವೇ ಕಾಣದ ಬಿಸಿನೆಸ್‌ಗೆ ವಿಚ್ಛೇದನದಲ್ಲಿ ಬೆಲೆ ಕಟ್ಟುವುದು ಹೇಗೆ?

ಪ್ರಶ್ನೆ: ನಮ್ಮ ಮದುವೆಯಾಗಿ 14 ವರ್ಷ. ಅದಕ್ಕೂ ಮುಂಚೆ ನನ್ನ ಗಂಡ ಸಣ್ಣದಾಗಿ ಶುರುಮಾಡಿದ್ದ ಕಂಪನಿಯಲ್ಲಿ ಈಗ 30 ಜನ ಕೆಲಸ ಮಾಡುತ್ತಾರೆ. ವಿಚ್ಛೇದನದ ಮಾತು ಬಂದಾಗಿನಿಂದ ‘ಲೆಕ್ಕ ನೋಡು, ಲಾಭವೇ ಇಲ್ಲ, ಹಂಚೋಕೆ ಏನಿದೆ?’ ಅನ್ನುತ್ತಿದ್ದಾರೆ. ಇಂಥ ಬಿಸಿನೆಸ್‌ಗೆ ಬೆಲೆ ಕಟ್ಟುವುದು ಹೇಗೆ? ನನ್ನ ಪಾಲು ಕೈಗೆ ಬರುವುದು ಹೇಗೆ?

ಉತ್ತರ: ಮಾಲೀಕರೇ ನಡೆಸುವ ಕಂಪನಿಗಳ ಲಾಭ-ನಷ್ಟ ಪಟ್ಟಿ ಸಾಮಾನ್ಯವಾಗಿ ತೆರಿಗೆಯನ್ನು ಕಣ್ಣಮುಂದೆ ಇಟ್ಟುಕೊಂಡು ತಯಾರಾಗುತ್ತದೆ. ಅದರಲ್ಲಿ ಲಾಭ ಕಡಿಮೆ ಕಂಡರೆ ಕಂಪನಿಗೆ ಬೆಲೆಯೇ ಇಲ್ಲ ಎಂದಾಗುವುದಿಲ್ಲ. ಆದರೆ ಬೆಲೆ ಕಟ್ಟುವ ಮುಂಚೆ, ಆ ಬೆಲೆಯಲ್ಲಿ ನಿಮಗೆ ಹಕ್ಕಿದೆಯೇ ಎಂಬುದು ತೀರ್ಮಾನವಾಗಬೇಕು. ಅದು ಒಂದೊಂದು ದೇಶದಲ್ಲಿ ಒಂದೊಂದು ರೀತಿ. ಇಂಗ್ಲೆಂಡ್‌ನಲ್ಲಿ, ಕೃಷಿ ವ್ಯವಹಾರ ನಡೆಸುತ್ತಿದ್ದ ದಂಪತಿಯ ಪ್ರಕರಣದಲ್ಲಿ 2000ನೇ ಇಸವಿಯಲ್ಲಿ ಬಂದ ವೈಟ್ ತೀರ್ಪಿನ ನಂತರ, ಯಾವುದೇ ಹಂಚಿಕೆಯನ್ನು ಸಮಪಾಲಿನ ಅಳತೆಗೋಲಿನಿಂದ ಪರೀಕ್ಷಿಸಿ ನೋಡುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಮದುವೆಯ ಅವಧಿಯ ದುಡಿಮೆಯ ಫಲ ಇಬ್ಬರಿಗೂ ಸೇರಿದ್ದು. ಭಾರತದಲ್ಲಿ ಅಂಥ ಸಾಮಾನ್ಯ ಕಾನೂನಿಲ್ಲ. ಹಿಂದೂ ವಿವಾಹ ಕಾಯ್ದೆ, 1955ರ 27ನೇ ಕಲಂ ಮದುವೆಯ ಹೊತ್ತಿನಲ್ಲಿ ಬಂದ, ಇಬ್ಬರಿಗೂ ಸೇರಬಹುದಾದ ಆಸ್ತಿಯ ಮಟ್ಟಿಗಷ್ಟೇ ಮಾತಾಡುತ್ತದೆ. ಅಲ್ಲಿ ಗಂಡನ ಹೆಸರಿನ ಕಂಪನಿಯಲ್ಲಿ ಹೆಂಡತಿಗೆ ತಾನಾಗಿ ಪಾಲು ಸಿಗುವುದಿಲ್ಲ. ಷೇರು ಅಥವಾ ಪಾಲುದಾರಿಕೆ ನಿಮ್ಮ ಹೆಸರಿನಲ್ಲೂ ಇದ್ದರೆ ಮಾತು ಬೇರೆ. ಇಲ್ಲವಾದರೆ ಬೆಲೆಯ ಲೆಕ್ಕ ಉಪಯೋಗಕ್ಕೆ ಬರುವುದು ಜೀವನಾಂಶಕ್ಕೆ ಮತ್ತು ರಾಜಿ ಮಾತುಕತೆಗೆ. ರಜನೇಶ್ ವಿರುದ್ಧ ನೇಹಾ ಪ್ರಕರಣದ 2020ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಜೀವನಾಂಶದ ಪ್ರಕರಣಗಳಲ್ಲಿ ಗಂಡ-ಹೆಂಡತಿ ಇಬ್ಬರೂ ಆಸ್ತಿ ಮತ್ತು ಸಾಲದ ಪ್ರಮಾಣಪತ್ರ ಸಲ್ಲಿಸಬೇಕೆಂದು ಹೇಳಿದೆ. ಕಂಪನಿಯ ಲೆಕ್ಕ ಕೇಳಲು ಅದೊಂದು ಗಟ್ಟಿ ಆಧಾರ.

ಇನ್ನು ಬೆಲೆ. ಮೂರು ದಾರಿಗಳಿವೆ: ಆಸ್ತಿಯಿಂದ ಸಾಲ ಕಳೆಯುವುದು, ಅಂಥದೇ ಕಂಪನಿಗಳು ಎಷ್ಟಕ್ಕೆ ಮಾರಾಟವಾದವು ಎಂದು ನೋಡುವುದು, ಮುಂದೆ ಬರುವ ಲಾಭದ ಮೇಲೆ ಬೆಲೆ ಕಟ್ಟುವುದು. ಜಾಗ, ಯಂತ್ರಗಳೇ ಮುಖ್ಯವಾದ ಕಡೆ ಮೊದಲನೆಯದು ಸರಿ. ಆದರೆ ಬ್ಯಾಲೆನ್ಸ್ ಶೀಟ್‌ನಲ್ಲಿರುವುದು ಕೊಂಡ ದಿನದ ಬೆಲೆಯಿಂದ ಸವಕಳಿ ಕಳೆದ ಅಂಕಿ. 20 ವರ್ಷದ ಹಿಂದೆ ಕೊಂಡ ಕಟ್ಟಡ ಅಲ್ಲಿ ಬಹುಪಾಲು ಸವೆದುಹೋದಂತೆ ಕಾಣಬಹುದು, ಹಾಗಾಗಿ ಇಂದಿನ ಬೆಲೆಯನ್ನು ಬೇರೆಯಾಗಿ ಹಾಕಿಸಬೇಕು. ನಡೆಯುತ್ತಿರುವ ಬಿಸಿನೆಸ್‌ಗೆ ಹೆಚ್ಚಾಗಿ ಬಳಕೆಯಾಗುವುದು ಮೂರನೆಯದು.

ಇಲ್ಲಿ ಎರಡೂ ಕಡೆಯವರು ಲಾಭವನ್ನು ಎಷ್ಟರಿಂದ ಗುಣಿಸಬೇಕು ಎಂದು ತಿಂಗಳುಗಟ್ಟಲೆ ವಾದಿಸುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ಮುಖ್ಯ, ಗುಣಿಸುವ ಲಾಭ ಯಾವುದು ಎಂಬ ಪ್ರಶ್ನೆ. ಒಂದು ಲೆಕ್ಕ ನೋಡಿ. ಬಡ್ಡಿ, ತೆರಿಗೆಗೆ ಮುಂಚೆ ಪುಸ್ತಕದಲ್ಲಿರುವ ಲಾಭ 12 ಲಕ್ಷ. ಮಾಲೀಕರು ತೆಗೆದುಕೊಳ್ಳುವ ಸಂಬಳ 30 ಲಕ್ಷ. ಅದೇ ಕೆಲಸಕ್ಕೆ ಹೊರಗಿನ ಮ್ಯಾನೇಜರ್ 18 ಲಕ್ಷಕ್ಕೆ ಸಿಗುತ್ತಾರೆ ಎಂದರೆ 12 ಲಕ್ಷವನ್ನು ಲಾಭಕ್ಕೆ ಸೇರಿಸಬೇಕು. ಕೆಲಸಕ್ಕೇ ಬಾರದ ಸಂಬಂಧಿಕರ ಸಂಬಳ 5, ಕಂಪನಿ ಖರ್ಚಿಗೆ ಬರೆದ ಮನೆಯ ಕಾರು ಮತ್ತು ಪ್ರವಾಸ 4, ಮತ್ತೆ ಬಾರದ ಒಂದು ಕೋರ್ಟ್ ಖರ್ಚು 3. ಇವೂ ಸೇರುತ್ತವೆ. ಇಷ್ಟಕ್ಕೇ ನಿಲ್ಲಿಸಿದರೆ ಎದುರು ಕಡೆಯ ತಜ್ಞರು ನಿಮ್ಮ ವರದಿಯನ್ನು ಹರಿದು ಹಾಕುತ್ತಾರೆ, ಏಕೆಂದರೆ ಕಳೆಯಬೇಕಾದ್ದೂ ಇರುತ್ತದೆ. ಕಟ್ಟಡ ಗಂಡನದೇ ಆಗಿದ್ದು ಕಂಪನಿ ಅದಕ್ಕೆ ಹೆಸರಿಗಷ್ಟೇ ಬಾಡಿಗೆ ಕೊಡುತ್ತಿದ್ದರೆ, ನ್ಯಾಯವಾದ ಬಾಡಿಗೆಗೆ ಆಗುವ ಹೆಚ್ಚುವರಿ 6 ಲಕ್ಷವನ್ನು ಕಳೆಯಬೇಕು. ಕೊನೆಗೆ ಉಳಿಯುವ ನಿಜವಾದ ಲಾಭ 30 ಲಕ್ಷ.

ಇಂಥ ಕಂಪನಿಯಲ್ಲಿ ಹಣ ಹೂಡುವವರು ವರ್ಷಕ್ಕೆ ಶೇ. 25 ಪ್ರತಿಫಲ ಬಯಸುತ್ತಾರೆ ಎಂದಿಟ್ಟುಕೊಂಡರೆ ಲಾಭವನ್ನು ಗುಣಿಸುವ ಅಂಕಿ, ಅಂದರೆ ಗುಣಕ, 4 (100 ÷ 25), ಕಂಪನಿಯ ಬೆಲೆ 120 ಲಕ್ಷ, ಅದರಲ್ಲಿ 40 ಲಕ್ಷ ಸಾಲ ಕಳೆದರೆ 80. ಪುಸ್ತಕದ 12 ಲಕ್ಷವನ್ನೇ ಹಿಡಿದಿದ್ದರೆ ಬೆಲೆ 48, ಸಾಲ ಕಳೆದರೆ ಉಳಿಯುತ್ತಿದ್ದುದು ಬರೀ 8. ಪತ್ತೆಹಚ್ಚಿದ ಪ್ರತಿ 1 ಲಕ್ಷ ಬೆಲೆಯಲ್ಲಿ 4 ಲಕ್ಷವಾಗುತ್ತದೆ.

ಇದನ್ನೆಲ್ಲ ಪತ್ತೆಹಚ್ಚಲು ಕನಿಷ್ಠ 3, ಸಾಧ್ಯವಾದರೆ 5 ವರ್ಷದ ಲೆಡ್ಜರ್, ಬ್ಯಾಂಕ್ ಸ್ಟೇಟ್‌ಮೆಂಟ್, ಸಂಬಳದ ಪಟ್ಟಿ, ತೆರಿಗೆ ವಿವರ ಕೇಳಿ. ಬರೀ ವರ್ಷಾಂತ್ಯದ ಲೆಕ್ಕಪತ್ರ ಸಾಲದು. ಹೆಚ್ಚಿನವರು ಮರೆಯುವ ಎರಡು ಕಾಗದಗಳಿವೆ: ಸಾಲ ಕೇಳುವಾಗ ಬ್ಯಾಂಕಿಗೆ ಕೊಟ್ಟ ಅಂದಾಜು ಲಾಭದ ಪಟ್ಟಿ, ಮತ್ತು ವಿಮೆ ಮಾಡಿಸುವಾಗ ಹೇಳಿದ ದಾಸ್ತಾನಿನ ಬೆಲೆ. ಲಾಭವಿಲ್ಲ ಎನ್ನುವವರೇ ಬ್ಯಾಂಕಿನ ಮುಂದೆ ಬೇರೆ ಕಥೆ ಹೇಳಿರುತ್ತಾರೆ. ಕಚ್ಚಾಮಾಲಿನ ಖರೀದಿ ಏರುತ್ತಲೇ ಇದ್ದು ಮಾರಾಟ ಮಾತ್ರ ನಿಂತಲ್ಲೇ ನಿಂತಿದ್ದರೆ, ದಾಸ್ತಾನನ್ನು ಕಡಿಮೆ ತೋರಿಸಿದ್ದಾರೆಯೇ, ಬಿಲ್ಲಿಲ್ಲದೆ ಮಾರುತ್ತಿದ್ದಾರೆಯೇ ಎಂದು ನೋಡಬೇಕು. ಬಿಲ್ಲಿಲ್ಲದ ಮಾರಾಟವನ್ನು ಕೋರ್ಟಿನಲ್ಲಿ ಎತ್ತುವ ಮುಂಚೆ ತೆರಿಗೆ ಸಲಹೆಗಾರರನ್ನು ಕಾಣಿ. ದಂಪತಿ ಜಂಟಿಯಾಗಿ ತೆರಿಗೆ ವಿವರ ಸಲ್ಲಿಸುವ ದೇಶಗಳಲ್ಲಿ ಸಹಿ ಹಾಕಿದ ಇಬ್ಬರಿಗೂ ಅದು ಸುತ್ತಿಕೊಳ್ಳಬಹುದು. ಗಂಡನ ಇಮೇಲ್‌ಗೆ ಕದ್ದು ನುಗ್ಗಿ ದಾಖಲೆ ತೆಗೆಯಬೇಡಿ, ಅದು ಅಪರಾಧವಾಗಬಹುದು. ಕೋರ್ಟಿನ ಮೂಲಕವೇ ಕೇಳಿ.

80 ಲಕ್ಷ ಎಂದು ಬಂದರೂ ಅದೆಲ್ಲವೂ ಹಂಚಿಕೆಗೆ ಬರುತ್ತದೆ ಎಂದಲ್ಲ. ಕಂಪನಿ ಮದುವೆಗೆ ಮುಂಚಿನದು. ಕ್ಯಾಲಿಫೋರ್ನಿಯಾದ ಎರಡು ಹಳೆಯ ತೀರ್ಪುಗಳು ಇದಕ್ಕೆ ಎರಡು ದಾರಿ ತೋರಿಸಿವೆ. 1909ರ ಪೆರೇರಾ ತೀರ್ಪಿನ ಪ್ರಕಾರ ಮೊದಲ ಬಂಡವಾಳಕ್ಕೆ ನ್ಯಾಯವಾದ ಪ್ರತಿಫಲ ಕೊಟ್ಟು, ಉಳಿದದ್ದನ್ನು ದುಡಿಮೆಯ ಫಲವೆಂದು ಹಂಚುತ್ತಾರೆ. ಮದುವೆಯ ದಿನ ಕಂಪನಿಯ ಬೆಲೆ 10 ಲಕ್ಷವಿತ್ತು ಎಂದುಕೊಂಡರೆ, ಶೇ. 7ರ ಸರಳ ಬಡ್ಡಿಯಂತೆ 14 ವರ್ಷಕ್ಕೆ ಸುಮಾರು 10. ಒಟ್ಟು 20 ಅವರದು, 60 ಇಬ್ಬರದು. 1921ರ ವ್ಯಾನ್ ಕ್ಯಾಂಪ್ ತೀರ್ಪು ಇದಕ್ಕೆ ತಿರುಗಾಮುರುಗಾ: ಮಾಲೀಕರ ದುಡಿಮೆಗೆ ನ್ಯಾಯವಾದ ಸಂಬಳವಷ್ಟೇ ಇಬ್ಬರದು, ಉಳಿದ ಬೆಳವಣಿಗೆ ಅವರದೇ. ಮೇಲಿನ ಉದಾಹರಣೆಯಲ್ಲಿ ಅವರು ನ್ಯಾಯವಾದುದಕ್ಕಿಂತ ಹೆಚ್ಚೇ ಸಂಬಳ ಪಡೆದಿರುವುದರಿಂದ, ಆ ದಾರಿಯಲ್ಲಿ ನಿಮಗೆ ಉಳಿಯುವುದು ಬಹಳ ಕಡಿಮೆ. ಬೆಳವಣಿಗೆಗೆ ಕಾರಣ ಅವರ ದುಡಿಮೆಯೇ, ಮಾರುಕಟ್ಟೆಯ ಏರಿಕೆಯೇ ಎಂಬ ಸಾಕ್ಷ್ಯಕ್ಕೆ ಅಷ್ಟು ತೂಕ ಇರುವುದು ಇದಕ್ಕೇ.

ಗುಡ್‌ವಿಲ್, ಅಂದರೆ ಆಸ್ತಿಗಳ ಬೆಲೆಯ ಮೇಲೆ ಹೆಸರು ಮತ್ತು ಗ್ರಾಹಕರ ನಂಬಿಕೆಯಿಂದ ಸಿಗುವ ಬೆಲೆ, ಅದರ ಬಗ್ಗೆಯೂ ಇಂಥದೇ ತಕರಾರು ಬರುತ್ತದೆ. ಗ್ರಾಹಕರು ಬರುವುದು ಕಂಪನಿಯ ಹೆಸರು, ಜಾಗ, ಒಪ್ಪಂದಗಳಿಗಾಗಿಯೋ ಅಥವಾ ಆ ಒಬ್ಬ ವ್ಯಕ್ತಿಗಾಗಿಯೋ? ವ್ಯಕ್ತಿಗಾಗಿ ಎಂದಾದರೆ ಆ ಭಾಗವನ್ನು ಹಲವು ಕಡೆ ಹಂಚಿಕೆಯಿಂದ ಹೊರಗಿಡುತ್ತಾರೆ. ಜೊತೆಗೆ ಜೀವನಾಂಶವನ್ನೂ ಕೇಳುತ್ತಿದ್ದರೆ ಇನ್ನೊಂದು ಆಕ್ಷೇಪಣೆಗೆ ಸಿದ್ಧರಾಗಿ: ಸಂಬಳದ ಹೆಚ್ಚುವರಿ 12 ಲಕ್ಷವನ್ನು ನಾಲ್ಕರಿಂದ ಗುಣಿಸಿ ಬೆಲೆಯಲ್ಲಿ ಸೇರಿಸಿಕೊಂಡ ಮೇಲೆ, ಜೀವನಾಂಶಕ್ಕೂ ಅವರ ಆದಾಯ 30 ಲಕ್ಷ ಎಂದರೆ ಅದೇ ಹಣವನ್ನು ಎರಡು ಸಲ ಎಣಿಸಿದಂತೆ. ಕೆಲವು ನ್ಯಾಯಾಲಯಗಳು ಈ ವಾದವನ್ನು ಒಪ್ಪುತ್ತವೆ, ಕೆಲವು ಒಪ್ಪುವುದಿಲ್ಲ.

ಬೆಲೆ ಯಾವ ದಿನಾಂಕದ್ದು ಎಂಬುದನ್ನು ಮೊದಲೇ ಬರಹದಲ್ಲಿ ಖಚಿತಪಡಿಸಿಕೊಳ್ಳಿ. ಬೇರೆಯಾದ ದಿನ, ಅರ್ಜಿ ಹಾಕಿದ ದಿನ, ವಿಚಾರಣೆಯ ದಿನ ಎಲ್ಲವೂ ಬೇರೆ ಬೇರೆ ಅಂಕಿ ಕೊಡುತ್ತವೆ. ಖರ್ಚಿನ ದೃಷ್ಟಿಯಿಂದ ಇಬ್ಬರೂ ಸೇರಿ ಒಬ್ಬರೇ ಮೌಲ್ಯಮಾಪಕರನ್ನು ನೇಮಿಸುವುದು ಒಳ್ಳೆಯದು. ಲೆಕ್ಕ ಮುಚ್ಚಿಟ್ಟ ಅನುಮಾನ ಬಲವಾಗಿದ್ದರೆ ಮಾತ್ರ ನಿಮ್ಮದೇ ತಜ್ಞರಿರಲಿ.

ಪಾಲು ಕೈಗೆ ಬರುವ ದಾರಿಗಳಲ್ಲಿ ಕಂಪನಿಯನ್ನು ಅವರೇ ಇಟ್ಟುಕೊಂಡು ನಿಮಗೆ ಹಣ ಕೊಡುವುದೇ ಹೆಚ್ಚು ರೂಢಿ. ಬಿಸಿನೆಸ್‌ನ ಬೆಲೆ ಎಂದರೆ ಬ್ಯಾಂಕಿನಲ್ಲಿರುವ ನಗದಲ್ಲ, ಹಾಗಾಗಿ ಕಂತಿನ ಮಾತು ಬಂದೇ ಬರುತ್ತದೆ. ಕಂತಿಗೆ ಬಡ್ಡಿ, ಷೇರು ಅಥವಾ ಜಾಗದ ಅಡಮಾನ, ಒಂದು ಕಂತು ತಪ್ಪಿದರೂ ಪೂರ್ತಿ ಬಾಕಿ ಒಮ್ಮೆಲೇ ಕೊಡಬೇಕೆಂಬ ಷರತ್ತು, ನಿಮ್ಮ ಹೆಸರಿಗೆ ಬರುವಂತೆ ಅವರ ಜೀವವಿಮೆ. ಈ ನಾಲ್ಕೂ ಇಲ್ಲದ ಕಂತಿಗೆ ಒಪ್ಪಬೇಡಿ. ಮನೆ ನಿಮಗೆ, ಕಂಪನಿ ಅವರಿಗೆ ಎಂಬ ಹೊಂದಾಣಿಕೆಯೂ ಸರಿಯೇ, ಆದರೆ ಎರಡನ್ನೂ ಮುಂದೆ ಮಾರಿದಾಗ ಬೀಳುವ ತೆರಿಗೆಯನ್ನು ಕಳೆದು ಹೋಲಿಸಿ. ಷೇರನ್ನೇ ಪಡೆಯುವ ಯೋಚನೆಯಿದ್ದರೆ ಷೇರುದಾರರ ಒಪ್ಪಂದ ಓದಿ. ಹೊರಗಿನವರಿಗೆ ವರ್ಗಾಯಿಸದಂತೆ ಅದರಲ್ಲಿ ತಡೆ ಇರಬಹುದು. ಇನ್ನು ಬೇರೆಯಾದ ಮೇಲೂ ಜೊತೆಗೆ ಬಿಸಿನೆಸ್ ನಡೆಸುವುದು ಬಹಳ ಕಡಿಮೆ ಜನಕ್ಕೆ ಒಗ್ಗುತ್ತದೆ.

ಕಂಪನಿಯ ಸಾಲಕ್ಕೆ ನೀವು ಪರ್ಸನಲ್ ಗ್ಯಾರಂಟಿ ಸಹಿ ಹಾಕಿದ್ದೀರಾ ಎಂದು ಇಂದೇ ನೋಡಿಕೊಳ್ಳಿ. ‘ಸಾಲ ಗಂಡನೇ ತೀರಿಸಬೇಕು’ ಎಂದು ವಿಚ್ಛೇದನದ ಆದೇಶದಲ್ಲಿ ಬರೆದಿದ್ದರೂ ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ. ಸಾಲ ನಿಂತರೆ ಅದು ನಿಮ್ಮ ಬಾಗಿಲಿಗೂ ಬರುತ್ತದೆ. ಗ್ಯಾರಂಟಿಯಿಂದ ಬಿಡುಗಡೆ ಮಾಡಿದ ಬ್ಯಾಂಕಿನ ಪತ್ರ ಕೈಸೇರಿದ ಮೇಲಷ್ಟೇ ಷೇರು ಬಿಟ್ಟುಕೊಡುವ ಕಾಗದಕ್ಕೆ ಸಹಿ ಹಾಕಿ.