ರೋಡ್ಸ್‌ನ ನೈಟ್‌ಗಳ ಬೀದಿ: ಕಾಣುವುದೂ, ಕಿತ್ತು ಹಾಕಿದ್ದೂ

ಗ್ರೀಸಿನ ರೋಡ್ಸ್ ದ್ವೀಪಕ್ಕೆ ಹೋದವರು ಸಾಮಾನ್ಯವಾಗಿ ನೈಟ್‌ಗಳ ಬೀದಿಯಲ್ಲಿ ಒಂದು ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಬೀದಿ ದೊಡ್ಡದೇನಲ್ಲ. ಉದ್ದ ಸುಮಾರು 200 ಮೀಟರ್, ಅಗಲ ಸುಮಾರು 6 ಮೀಟರ್. ಕೆಳತುದಿಯಲ್ಲಿ ಹಳೇ ಆಸ್ಪತ್ರೆ, ಮೇಲ್ತುದಿಯಲ್ಲಿ ನೈಟ್‌ಗಳ ಮುಖ್ಯಸ್ಥನ ಅರಮನೆ, ನಡುವೆ ಎರಡೂ ಕಡೆ ಹಳದಿ ಛಾಯೆಯ ಕಲ್ಲಿನ ಕಟ್ಟಡಗಳು. ಅಂಗಡಿಗಳ ಸಾಲಿಲ್ಲ, ದೊಡ್ಡ ಬೋರ್ಡುಗಳಿಲ್ಲ. 500 ವರ್ಷದಿಂದ ಹೀಗೇ ಉಳಿದುಕೊಂಡು ಬಂದಿದೆ ಅನಿಸುತ್ತದೆ, ಅಲ್ವಾ? ಹಳೇ ಕಟ್ಟಡಗಳ ಸಂರಕ್ಷಣೆ ನನ್ನ ವೃತ್ತಿ. ಹಾಗಾಗಿ ಇದನ್ನು ಹೇಳಲೇಬೇಕು: ಈ ಬೀದಿ ಹೀಗೆ ಕಾಣುವಂತೆ ಮಾಡಿದ್ದು ಸುಮಾರು ನೂರು ವರ್ಷದ ಹಿಂದೆ, ಕಟ್ಟಡಗಳ ಮೇಲಿದ್ದ ಇನ್ನೊಂದು ಕಾಲವನ್ನು ಕಿತ್ತು ತೆಗೆದು. ಕಲ್ಲು ಬಹುಪಾಲು ಹಳೆಯದೇ. ಆದರೆ ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಯಾರೋ ತೀರ್ಮಾನಿಸಿದ್ದಾರೆ. ಇದು ಗೊತ್ತಿದ್ದರೆ ಬೀದಿ ನೋಡುವ ಖುಷಿ ಜಾಸ್ತಿಯೇ ಆಗುತ್ತದೆ.

ಮೊದಲು ಈ ನೈಟ್‌ಗಳು ಯಾರು ಅಂತ ನೋಡೋಣ. ಜೆರುಸಲೇಮಿನಲ್ಲಿ ರೋಗಿಗಳ, ಯಾತ್ರಿಕರ ಆರೈಕೆಗೆಂದು ಹುಟ್ಟಿದ ಸಂತ ಜಾನರ ಕ್ರೈಸ್ತ ಪಂಥ ಇವರದು. ಆಮೇಲೆ ಕತ್ತಿಯನ್ನೂ ಹಿಡಿದರು. ಪವಿತ್ರ ನಾಡಿನಿಂದ, ಅಂದರೆ ಜೆರುಸಲೇಮ್ ಸುತ್ತಲ ಪ್ರದೇಶದಿಂದ, ಹೊರಬಿದ್ದ ಮೇಲೆ ರೋಡ್ಸ್ ಹಿಡಿದು, 1309ರಿಂದ 1522ರವರೆಗೆ ಅಲ್ಲಿಂದ ಆಳಿದರು. ಯುರೋಪಿನ ಬೇರೆ ಬೇರೆ ನಾಡುಗಳಿಂದ ಬಂದವರು ಇವರು. ನಾಡು ಮತ್ತು ಭಾಷೆ ನೋಡಿ ಗುಂಪು ಮಾಡಿಕೊಂಡಿದ್ದರು. ಪ್ರೊವಾನ್ಸ್, ಓವೆರ್ನ್, ಫ್ರಾನ್ಸ್, ಇಟಲಿ, ಸ್ಪೇನ್, ಇಂಗ್ಲೆಂಡ್, ಜರ್ಮನಿ ಹೀಗೆ ಏಳು. 15ನೇ ಶತಮಾನದಲ್ಲಿ ಸ್ಪೇನಿನವರು ಎರಡು ಪಾಲಾಗಿ ಎಂಟಾಯಿತು. ಒಂದೊಂದು ಗುಂಪಿಗೂ ಒಂದೊಂದು ಸಭಾಮನೆ. ಇಟಲಿ, ಫ್ರಾನ್ಸ್, ಸ್ಪೇನ್, ಪ್ರೊವಾನ್ಸ್ ಸಭಾಮನೆಗಳು ಇದೇ ಬೀದಿಯಲ್ಲಿವೆ. ಕೋಟೆ ಗೋಡೆಯನ್ನೂ ಇದೇ ಲೆಕ್ಕದಲ್ಲಿ ಹಂಚಿದ್ದರು. ಈ ತುಂಡು ಇಟಲಿಯವರು ಕಾಯಬೇಕು, ಆ ತುಂಡು ಇಂಗ್ಲೆಂಡಿನವರು. ಅಂದರೆ ಬೀದಿಯನ್ನು ಗೋಡೆಯಿಂದ ಬಿಡಿಸಿ ನೋಡಲು ಆಗುವುದಿಲ್ಲ. ಬೀದಿಯಲ್ಲಿ ಒಟ್ಟಿಗೆ ಉಣ್ಣುತ್ತಿದ್ದವರೇ ದಾಳಿಯ ದಿನ ಗೋಡೆಯ ಮೇಲೂ ಒಟ್ಟಿಗೆ ನಿಲ್ಲುತ್ತಿದ್ದರು.

ಈ ಸಭಾಮನೆಗಳನ್ನು ಹಾಸ್ಟೆಲ್ ಅಂದುಕೊಳ್ಳಬೇಡಿ. ಊಟ, ಸಭೆ, ಬಂದ ಅತಿಥಿಗಳ ಸತ್ಕಾರ ಇಲ್ಲಿ. ನೈಟ್‌ಗಳು ಹೆಚ್ಚಾಗಿ ಸುತ್ತಮುತ್ತಲ ಮನೆಗಳಲ್ಲೇ ವಾಸವಿದ್ದರು. ಕಟ್ಟಡದ ಯೋಜನೆಯೂ ಇದನ್ನೇ ಹೇಳುತ್ತದೆ. ಕೆಳಗೆ ಕಮಾನು ಚಾವಣಿಯ ಉಗ್ರಾಣಗಳು. ಮುಖ್ಯ ಹಜಾರ ಮೇಲಂತಸ್ತಿನಲ್ಲಿ. ಒಳಗಿನ ಅಂಗಳದಿಂದ ತೆರೆದ ಮೆಟ್ಟಿಲು ಹತ್ತಿ ಹೋಗಬೇಕು. ಬೀದಿ ಕಡೆ ಬಾಗಿಲು ತೆರೆದಿದ್ದರೆ ಒಳಗೆ ಇಣುಕಿ ನೋಡಿ, ಅರ್ಧ ಕಟ್ಟಡ ಅಂಗಳದಲ್ಲೇ ಅರ್ಥವಾಗುತ್ತದೆ. ಎಲ್ಲಕ್ಕಿಂತ ಅಲಂಕಾರ ಇರುವುದು ಫ್ರಾನ್ಸ್ ಸಭಾಮನೆಗೆ. 1492ರಲ್ಲಿ ಶುರುವಾಗಿ 1509ರ ಹೊತ್ತಿಗೆ ಮುಗಿದದ್ದು. ಗೋಡೆಯಲ್ಲಿ ಕೂರಿಸಿದ ಅಮೃತಶಿಲೆಯ ಲಾಂಛನಗಳನ್ನು ನಿಧಾನವಾಗಿ ನೋಡಿ. ಯಾವ ಮುಖ್ಯಸ್ಥನ ಕಾಲದಲ್ಲಿ ಏನು ಕಟ್ಟಿದರು ಎಂಬುದಕ್ಕೆ ಅವೇ ದಾಖಲೆ, ನಮ್ಮ ವೃತ್ತಿಯವರು ತಾರೀಕು ಹಿಡಿಯುವುದು ಅವುಗಳಿಂದಲೇ.

ಇನ್ನೊಂದು ಗಮನಿಸಿ. ಹಳೇ ಊರಿನ ಮಿಕ್ಕ ಓಣಿಗಳು ಬಹಳಷ್ಟು ಸುತ್ತುಬಳಸು. ಈ ಬೀದಿ ಮಾತ್ರ ನೇರ. ಕಾರಣ ನೈಟ್‌ಗಳಿಗಿಂತ ತುಂಬಾ ಹಳೆಯದು. ಕ್ರಿ.ಪೂ. 408ರಲ್ಲಿ ರೋಡ್ಸ್ ನಗರವನ್ನು ಚೌಕಳಿ ಯೋಜನೆಯಲ್ಲಿ ಕಟ್ಟಿದಾಗ ಬಂದರಿನಿಂದ ಮೇಲಕ್ಕೆ ಹೋಗುತ್ತಿದ್ದ ರಸ್ತೆಯ ಜಾಡಿದು. ಊರುಗಳಲ್ಲಿ ಕಟ್ಟಡಗಳಿಗಿಂತ ರಸ್ತೆಯ ಜಾಡೇ ಜಾಸ್ತಿ ದಿನ ಬಾಳುತ್ತದೆ.

ಈಗ ಕಿತ್ತು ಹಾಕಿದ್ದರ ವಿಷಯ. 1480ರಲ್ಲಿ ಒಟ್ಟೋಮನ್ ತುರ್ಕರ ಸೇನೆ ಮುತ್ತಿಗೆ ಹಾಕಿ ಸೋತು ಹೋಯಿತು. ನೈಟ್‌ಗಳು ಆಮೇಲೆ ಗೋಡೆಗಳನ್ನು ಫಿರಂಗಿಗೆ ತಕ್ಕಂತೆ ದಪ್ಪ ಮಾಡಿದರು, ಬುರುಜುಗಳನ್ನು ಬಲಪಡಿಸಿದರು. 1522ರಲ್ಲಿ ಸುಲ್ತಾನ್ ಸುಲೇಮಾನ್ ತಾನೇ ಬಂದ. ನಮ್ಮಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆಗಾಗಿ ಕಾದಾಡಿ ಎರಡು ವರ್ಷ ಆಗಿತ್ತು ಅಷ್ಟೆ, ಅದೇ ಕಾಲ. ಸುಮಾರು ಆರು ತಿಂಗಳ ಮುತ್ತಿಗೆಯ ನಂತರ ನೈಟ್‌ಗಳು ಶರಣಾಗಿ, 1523ರ ಜನವರಿ 1ರಂದು ಹಡಗು ಹತ್ತಿದರು. 1530ರಲ್ಲಿ ಮಾಲ್ಟಾದಲ್ಲಿ ನೆಲೆಯಾದರು. ನೈಟ್‌ಗಳು ರೋಡ್ಸ್ ಬಿಟ್ಟ ಮೇಲೆ 1912ರವರೆಗೆ, ಅಂದರೆ ಸುಮಾರು 390 ವರ್ಷ, ಈ ಬೀದಿಯಲ್ಲಿ ತುರ್ಕಿ ಕುಟುಂಬಗಳು ಬಾಳಿದವು. ನೈಟ್‌ಗಳು ಇದ್ದದ್ದು ಅದರ ಹೆಚ್ಚುಕಮ್ಮಿ ಅರ್ಧದಷ್ಟು ಕಾಲ. ಹೊಸಬರು ಕಲ್ಲುಗೋಡೆಯ ಮೇಲೆ ಬೀದಿಗೆ ಚಾಚಿದ ಮರದ ಮುಚ್ಚು ಬಾಲ್ಕನಿಗಳನ್ನು ಕಟ್ಟಿಕೊಂಡರು. ಗಾಳಿ ಬರಬೇಕು, ಮನೆಯ ಹೆಂಗಸರು ಮರೆಯಲ್ಲಿ ಕೂತು ಬೀದಿ ನೋಡಬೇಕು. 19ನೇ ಶತಮಾನದ ಚಿತ್ರಗಳಲ್ಲಿ ಬೀದಿ ಹಾಗೇ ಇದೆ, ಮೇಲೆ ಮರ, ಕೆಳಗೆ ಕಲ್ಲು.

1912ರಲ್ಲಿ ಇಟಲಿ ದ್ವೀಪ ಹಿಡಿಯಿತು. ಕೆಲವೇ ವರ್ಷಗಳಲ್ಲಿ ಆ ಮರದ ಬಾಲ್ಕನಿಗಳನ್ನೆಲ್ಲ ತೆಗೆದು, ಮುಚ್ಚಿದ್ದ ಕಿಟಕಿಗಳನ್ನು ಬಿಡಿಸಿ, ಹೋದ ಕಲ್ಲಿಗೆ ಬೇರೆ ಕಲ್ಲು ಕೂರಿಸಿ, ಬೀದಿಯನ್ನು ನೈಟ್‌ಗಳ ಕಾಲಕ್ಕೆ ತಿರುಗಿಸಿದರು. ಕೆಲಸದ ಗುಣಮಟ್ಟ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಆದರೆ ಉದ್ದೇಶ ಬರೀ ಕಲ್ಲಿನ ಪ್ರೀತಿ ಆಗಿರಲಿಲ್ಲ. ಇದು ಮೊದಲಿಂದಲೂ ಲ್ಯಾಟಿನ್, ಅಂದರೆ ಕ್ಯಾಥೊಲಿಕ್, ಯುರೋಪಿನ ನೆಲ, ನಾವು ವಾಪಸ್ ಬಂದಿದ್ದೇವೆ ಎಂದು ತೋರಿಸುವುದು ಹೊಸ ಆಡಳಿತಕ್ಕೆ ಬೇಕಿತ್ತು. ಬೀದಿಯ ಮೇಲ್ತುದಿಯ ಅರಮನೆಯಲ್ಲಿ ಇದು ಇನ್ನೂ ಢಾಳಾಗಿ ಕಾಣುತ್ತದೆ. ಹತ್ತಿರದ ಚರ್ಚಿನಲ್ಲಿ ಇಟ್ಟಿದ್ದ ಸಿಡಿಮದ್ದು 1856ರಲ್ಲಿ ಸಿಡಿದು ಆ ಹಳೇ ಅರಮನೆ ಹಾಳಾಗಿತ್ತು. ಈಗ ನಾವು ಟಿಕೆಟ್ ಕೊಟ್ಟು ನೋಡುವುದು ಬಹುಪಾಲು 1937ರಿಂದ 1940ರ ನಡುವೆ ಕಟ್ಟಿದ್ದು. ನೆಲದ ಪ್ರಾಚೀನ ಮೊಸಾಯಿಕ್‌ಗಳಲ್ಲಿ (ಬಣ್ಣದ ಚೂರು ಜೋಡಿಸಿ ಮಾಡಿದ ಚಿತ್ರಗಳು) ಹಲವನ್ನು ಕೋಸ್ ದ್ವೀಪದಿಂದ ಕಿತ್ತು ತಂದು ಹಾಸಿದರು. ಕೋಸ್‌ನವರಿಗೆ ಅದು ನಷ್ಟವೇ. ಒಂದು ಕಡೆ ಮೆರುಗು ಕೊಡಲು ಇನ್ನೊಂದು ಕಡೆ ಬರಿದು ಮಾಡುವ ಈ ಪದ್ಧತಿಯನ್ನು ನಾನು ಯಾವತ್ತೂ ಒಪ್ಪುವುದಿಲ್ಲ.

1964ರ ವೆನಿಸ್ ಸನ್ನದು ನಮ್ಮ ವೃತ್ತಿಗೆ ಹಾಕಿಕೊಟ್ಟ ನಿಯಮ ಬೇರೆಯೇ. ಒಂದು ಕಟ್ಟಡಕ್ಕೆ ಎಲ್ಲ ಕಾಲದವರು ಕೊಟ್ಟದ್ದನ್ನೂ ಗೌರವಿಸಬೇಕು, ಒಂದೇ ಶೈಲಿಗೆ ತಂದು ನಿಲ್ಲಿಸುವುದು ಗುರಿಯಾಗಬಾರದು ಎನ್ನುತ್ತದೆ ಅದು. ಅದೇ ಕೆಲಸ ಇವತ್ತು ಶುರುವಾದರೆ ಆ ಬಾಲ್ಕನಿಗಳನ್ನು ಅಷ್ಟು ಸುಲಭವಾಗಿ ಕೀಳಲು ಆಗುವುದಿಲ್ಲ. ನಮಗೆ ಇದು ದೂರದ ಮಾತಲ್ಲ. ಹಂಪಿಯ ವಿರೂಪಾಕ್ಷ ಬಜಾರಿನ ಮಂಟಪಗಳಲ್ಲಿ ಮನೆ, ಅಂಗಡಿ ಮಾಡಿಕೊಂಡಿದ್ದವರನ್ನು 2011ರಲ್ಲಿ ತೆರವು ಮಾಡಿದಾಗ ಎದ್ದದ್ದೂ ಇದೇ ಪ್ರಶ್ನೆ. ಕಲ್ಲಿಗೆ ಪೆಟ್ಟು ಕೊಡುವ ಕಟ್ಟೋಣ ಹೋಗಬೇಕು, ಒಪ್ಪುತ್ತೇನೆ. ಆದರೆ ಬಜಾರ್ ಅಂದ ಮೇಲೆ ಜನವೂ ಸ್ಮಾರಕದ ಭಾಗವೇ. ಏನೇ ತೆಗೆಯುವ ಮೊದಲು ಅಲ್ಲಿ ಏನಿತ್ತು, ಯಾರಿದ್ದರು ಎಂದು ಅಳೆದು ಬರೆದಿಡುವುದು ನನ್ನ ಪಾಲಿಗೆ ಕನಿಷ್ಠ ಷರತ್ತು.

ಗೋಡೆ ಓದುವುದು ಹೇಗೆ ಅಂತ ಕೇಳುತ್ತೀರಿ. ಬೆಳಗ್ಗೆ ಅಥವಾ ಸಂಜೆ, ಬಿಸಿಲು ಓರೆಯಾಗಿ ಬೀಳುವಾಗ ನೋಡಿ. ಅಂಚು ಚೂಪಾಗಿದ್ದು ಉಳಿ ಗುರುತು ನಿಚ್ಚಳ ಇದ್ದರೆ ಬಹುಶಃ ಆಮೇಲೆ ಕೂರಿಸಿದ ಕಲ್ಲು. ಹಳೇ ಕಲ್ಲಿನ ಮೈ ಜೇನುಗೂಡಿನ ಹಾಗೆ ತೂತುತೂತು. ಇಲ್ಲಿಯದು ಮೆದು ಸುಣ್ಣ ಮರಳುಗಲ್ಲು, ನೀರು ಹೀರುತ್ತದೆ. ಸಮುದ್ರದ ಉಪ್ಪು ತೇವದ ಜೊತೆ ಒಳಗೆ ಹೋಗಿ, ಒಣಗುವಾಗ ಹರಳುಗಟ್ಟಿ ಹಿಗ್ಗುತ್ತದೆ, ಕಲ್ಲು ಪುಡಿಪುಡಿಯಾಗಿ ಉದುರುತ್ತದೆ. ಇಂಥ ಗೋಡೆಯ ಸಂದಿಗೆ ಸಿಮೆಂಟ್ ತುಂಬಿದರೆ ತೇವಕ್ಕೆ ಸಂದಿಯಲ್ಲಿ ದಾರಿ ಸಿಗದೆ ಕಲ್ಲಿನ ಮೂಲಕವೇ ಹೊರಬರುತ್ತದೆ. ಆಗ ಸಂದಿ ಗಟ್ಟಿಯಾಗಿ ಉಳಿದು ಕಲ್ಲು ಒಳಗೆ ಸವೆಯುತ್ತದೆ. ಅದಕ್ಕೇ ಸುಣ್ಣದ ಗಾರೆಯೇ ಬೇಕು ಅನ್ನುವುದು. ಗಾರೆ ಸವೆದರೆ ಮತ್ತೆ ತುಂಬಬಹುದು, ಕಲ್ಲು ಹೋದರೆ ಹೋಯಿತು. ನಮ್ಮ ಕೋಟೆಗಳಿಗೂ, ಹಳೇ ಮನೆಗಳಿಗೂ ಸುಮ್ನೆ ಸಿಮೆಂಟ್ ಮೆತ್ತುವವರಿಗೆ ನಾನು ಹೇಳುತ್ತಲೇ ಇರುವ ಮಾತು ಇದು.

ಹೋಗುವ ದಾರಿ ಹೇಳುತ್ತೇನೆ. ಮಂದ್ರಾಕಿ ಬಂದರಿನ ಕಡೆಯಿಂದ ಸ್ವಾತಂತ್ರ್ಯ ದ್ವಾರದಲ್ಲಿ ಒಳಗೆ ಬನ್ನಿ, ಆ ದ್ವಾರವೂ 1924ರಲ್ಲಿ ಇಟಲಿಯವರು ತೆರೆದದ್ದು. ಮೊದಲು ಆಸ್ಪತ್ರೆ ನೋಡಿ. 1440ರಲ್ಲಿ ಶುರುವಾಗಿ 1489ರಲ್ಲಿ ಮುಗಿದ ಈ ಕಟ್ಟಡ ಈಗ ಪುರಾತತ್ವ ಸಂಗ್ರಹಾಲಯ. ಮೇಲಿನ ರೋಗಿಗಳ ಹಜಾರ ನೋಡಿದರೆ ಪಂಥದ ಮೂಲ ಕೆಲಸ ಏನಾಗಿತ್ತು ಎಂಬುದು ತಿಳಿಯುತ್ತದೆ. ಆಮೇಲೆ ಬೀದಿ ಹತ್ತಿ. ಪ್ರವಾಸಿ ಹಡಗು ಬಂದ ದಿನ ಹತ್ತು ಗಂಟೆಯ ಮೇಲೆ ಕಾಲಿಡಲು ಜಾಗ ಇರುವುದಿಲ್ಲ, ಬೇಗ ಹೋಗಿ. ನೆಲಕ್ಕೆ ಉರುಟು ಕಲ್ಲುಗಳನ್ನು ನಿಲ್ಲಿಸಿ ನೆಟ್ಟಿದ್ದಾರೆ. ಮೆತ್ತನೆ ಅಟ್ಟೆಯ ಶೂ ಬೇಕು. ಮಂಡಿ ನೋವಿರುವ ಅಪ್ಪ ಅಮ್ಮ ಜೊತೆಗಿದ್ದರೆ ಅರಮನೆಯಿಂದ ಶುರು ಮಾಡಿ ಇಳಿದು ಬನ್ನಿ. ಫ್ರಾನ್ಸ್ ಸಭಾಮನೆಯ ಎದುರಿಗೆ ಗೇಟಿನಾಚೆ ಒಂದು ತೋಟ, ಅದರಲ್ಲಿ ತುರ್ಕಿ ಕಾಲದ ಕಾರಂಜಿ ಇದೆ. ಕೀಳದೆ ಬಿಟ್ಟ ಅಪರೂಪದ ತುಣುಕು, ಬಿಡಬೇಡಿ.

ಅರಮನೆ ಮುಗಿಸಿ ಹೋಟೆಲಿಗೆ ವಾಪಸ್ ಹೋಗಬೇಡಿ. ನೈಟ್‌ಗಳ ಕೇರಿಯ ದಕ್ಷಿಣಕ್ಕೆ ಜನಸಾಮಾನ್ಯರ ಊರಿದೆ. ಮಸೀದಿ, ಹಮಾಮು ಎಂಬ ತುರ್ಕಿ ಸ್ನಾನದ ಮನೆ, ಓಣಿಯ ಮೇಲೆ ಕಮಾನುಗಳು, ಒಗೆದ ಬಟ್ಟೆ ಹಾಕಿದ ಮನೆಗಳು. ಬೀದಿಯಿಂದ ತೆಗೆದ ಕಾಲ ಇಲ್ಲಿ ಇನ್ನೂ ಸಿಗುತ್ತದೆ. ಪೂರ್ವಕ್ಕೆ ಯಹೂದಿಗಳ ಕೇರಿ, 1577ರ ಕಹಾಲ್ ಶಾಲೋಮ್ ಮಂದಿರ ಅಲ್ಲಿದೆ. 1944ರ ಜುಲೈನಲ್ಲಿ ನಾಜಿಗಳು ಈ ಕೇರಿಯ ಜನರನ್ನು ಹಿಡಿದು ಆಶ್ವಿಟ್ಜ್ ಸಾವಿನ ಶಿಬಿರಕ್ಕೆ ಸಾಗಿಸಿದರು, ಉಳಿದು ಬಂದವರು ತುಂಬಾ ಕಡಿಮೆ. ಅಲ್ಲಿನ ಚೌಕದಲ್ಲಿ ಅವರ ಸ್ಮಾರಕ ಇದೆ. 1948ರಲ್ಲಿ ದ್ವೀಪ ಗ್ರೀಸಿಗೆ ಸೇರಿತು, 1988ರಲ್ಲಿ ಇಡೀ ಕೋಟೆ ಊರು ಯುನೆಸ್ಕೊ ಪಟ್ಟಿಗೆ ಬಂತು. ಆ ಪಟ್ಟಿಯಲ್ಲಿರುವುದು ಒಂದು ಬೀದಿ ಅಲ್ಲ, ಈ ಎಲ್ಲ ಕೇರಿಗಳೂ.

ಕೊನೆಗೆ ಸಮಯ ಉಳಿದರೆ ಕಂದಕಕ್ಕೆ ಇಳಿಯಿರಿ. ಒಣ ಕಂದಕ, ಒಳಗೆ ನಡೆದಾಡಬಹುದು. ಮುತ್ತಿಗೆಯ ಕಾಲದ ಕಲ್ಲಿನ ಗುಂಡುಗಳು ಅಲ್ಲಲ್ಲಿ ಬಿದ್ದಿವೆ, ಗೋಡೆಯ ದಪ್ಪ ಕೆಳಗಿನಿಂದಲೇ ಸರಿಯಾಗಿ ಗೊತ್ತಾಗುವುದು. ನೆರಳು ಕಡಿಮೆ, ನೀರು ತೆಗೆದುಕೊಂಡು ಹೋಗಿ.